ನಾಯಿಗೂಡಿನ ನೆಲ

ಶಿವಾಜಿನಗರದ ನಮ್ಮ ಹಿತ್ತಿಲಲ್ಲಿ ಮುಧೋಳದ ನಾಯಿಗೊಂದು ಗೂಡು ಕಟ್ಟಿಸಹೊರಟಾಗ ಎಲ್ಲರೂ ಛಾವಣಿಯ ಮಾತನ್ನೇ ಆಡಿದರು. ನೆಲದ ಮಾತನ್ನು ಯಾರೂ ಎತ್ತಲಿಲ್ಲ. 2005ರಲ್ಲಿ ಅಂಚೆಚೀಟಿಯ ಗೌರವ ಪಡೆದ ತಳಿಯೇನೋ ಹೌದು. ಆದರೆ ಆ ಸಪೂರ ಬೇಟೆನಾಯಿಯ ಮೂಳೆಗೂ ನೆಲಕ್ಕೂ ನಡುವೆ ಇರುವುದು ತೆಳುದೊಗಲೊಂದೇ. ಗಟ್ಟಿ ನೆಲದಲ್ಲಿ ಮಲಗಿ ಮಲಗಿ ಮೊಣಕೈ ಜಡ್ಡುಗಟ್ಟುತ್ತದೆ; ಒಡೆದರೆ ಹುಣ್ಣು ಬೇಗ ಮಾಯದು. ಸಿಮೆಂಟಿಗೆ ಮೂತ್ರದ ವಾಸನೆಯನ್ನು ಹೀರಿಕೊಳ್ಳುವ ಗುಣ ಬೇರೆ. ನಯವಾದ ಕಡಪ ಕಲ್ಲು ತೊಳೆಯಲು ಚೆಂದ, ಒದ್ದೆಯಾದರೆ ಜಾರುಬಂಡೆ. ಕೊನೆಗೆ ಒರಟು ಸಾದರಹಳ್ಳಿ ಚಪ್ಪಡಿಗಳನ್ನು ಬಾಗಿಲ ಕಡೆಗೆ ನೀರು ಹರಿಯುವಂತೆ ಇಳಿಜಾರಾಗಿ ಹಾಸಿಸಿದೆ. ಅದರ ಮೇಲೆ, ಗೇಣೆತ್ತರದಲ್ಲಿ, ಗುಜರಿ ಅಂಗಡಿಯಲ್ಲಿ ಕೊಂಡ ಹಳೆಯ ತೇಗದ ಕದ. ಕದದ ಮೇಲೆ ಗೋಣಿತಾಟು. ತೊಳೆಯುವ ನಮಗೆ ಕಲ್ಲು, ಮಲಗುವ ಅವನಿಗೆ ಹಲಗೆ. ಧನುರ್ಮಾಸದ ಚಳಿಯಲ್ಲಂತೂ ಅವನು ಕದದಿಂದ ಕೆಳಗಿಳಿಯುವುದೇ ಇಲ್ಲ.