ಕೊಳೆ ಮುಚ್ಚಿದ್ದ ತೂತು



ಶ್ರೀಮಠದ ಹಳೆಯ ಅಂಬಾಸಡರ್ ಮೋಟಾರನ್ನು ತಮ್ಮಲ್ಲಿ ಅನೇಕರು ಬಲ್ಲಿರಿ. ಪ್ರಸಾದನಿಲಯದಲ್ಲಿದ್ದು ಓದಿದವರಂತೂ ಒಮ್ಮೆಯಾದರೂ ಅದನ್ನು ಹಿಂದಿನಿಂದ ತಳ್ಳಿದವರೇ. 1977 ರಲ್ಲಿ ತಯಾರಾದ ಮಾರ್ಕ್ 3 ಮಾದರಿಯ ಆ ಗಾಡಿಯನ್ನು, ಭಕ್ತರು ಸುಗ್ಗಿಯಲ್ಲಿ ಸಲ್ಲಿಸಿದ ಕಾಳಿನ ಹಣದಿಂದ, ಹಿರಿಯ ಶ್ರೀಗಳ ಸಂಚಾರಕ್ಕೆಂದು ಕೊಳ್ಳಲಾಗಿತ್ತು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯನ್ನು ಮಾದರಿಯಾಗಿಟ್ಟುಕೊಂಡು, ಬಂಗಾಲದ ಉತ್ತರಪಾಡಾದಲ್ಲಿ ಹಿಂದುಸ್ತಾನ್ ಮೋಟರ್ಸ್‌ನವರು ತಯಾರಿಸುತ್ತಿದ್ದ ಈ ವಾಹನದ ನಿರ್ಮಾಣ 2014 ರಲ್ಲಿ ನಿಂತುಹೋಯಿತು. ಈಗ ಅದಕ್ಕೆ ಬಿಡಿಭಾಗ ಹುಡುಕುವುದೇ ಒಂದು ತಪಸ್ಸು. ಆದರೂ ಹಿರಿಯರು ಕುಳಿತು ಊರೂರು ತಿರುಗಿದ ಗಾಡಿಯನ್ನು ಗುಜರಿಗೆ ಹಾಕಲು ನಮಗೆ ಮನಸ್ಸಾಗಲಿಲ್ಲ.

ಇಂಜಿನ್ನು ಎಣ್ಣೆ ಸುಡತೊಡಗಿತ್ತು. ಏರು ಬಂದರೆ ಉಸಿರು ಕಟ್ಟುತ್ತಿತ್ತು. ಹುಬ್ಬಳ್ಳಿಯ ಒಬ್ಬ ವೃದ್ಧ ಮಿಸ್ತ್ರಿಗಳು ಅದನ್ನು ಪೂರ್ತಿಯಾಗಿ ಬಿಚ್ಚಿ ಕಟ್ಟಿಕೊಡಲು ಒಪ್ಪಿದರು. ಬೇಕಾಗುವ ಸಾಮಾನುಗಳ ಪಟ್ಟಿಯನ್ನು ಕಳಿಸಿದರು. ನಾವು ಅದನ್ನು ನೋಡಿ, ತಿದ್ದಿ, ಒಪ್ಪಿಗೆ ಹಾಕಿ ಮರಳಿ ಕಳಿಸಿದೆವು. ಅವರು ಎರಕದ ಕಬ್ಬಿಣದ ಆ ಒಡಲನ್ನು ಕಾಸ್ಟಿಕ್ ಸೋಡಾದ ನೀರಿನಲ್ಲಿ ಕುದಿಸಿ ತೊಳೆದರು. ನಾಲ್ಕೂ ಸಿಲಿಂಡರುಗಳನ್ನು ಕೊರೆಸಿ ಹೊಸ ಪಿಸ್ಟನ್ನುಗಳನ್ನು ಹೂಡಿದರು. ಗ್ಯಾಸ್ಕೆಟ್ಟಿನ ಮೇಲೆ ಹೆಡ್ಡನ್ನು ಕೂಡಿಸಿ, ನಟ್ಟುಗಳನ್ನು ನಡುವಿನಿಂದ ಹೊರಕ್ಕೆ ಕ್ರಮವಾಗಿ, ಸರಿಸಮವಾಗಿ ಬಿಗಿದರು. ಗಾಡಿ ಹೊಸದರಂತೆ ಸದ್ದಿಲ್ಲದೆ ಮಠಕ್ಕೆ ಬಂದಿತು.

ಕೆಲವೇ ದಿನಗಳಲ್ಲಿ, ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯಲ್ಲಿ ಭಕ್ತರೊಬ್ಬರ ಮನೆಯ ತೊಟ್ಟಿಲ ಕಾರ್ಯಕ್ಕೆ ಅದರಲ್ಲಿಯೇ ಹೊರಟೆವು. ಕಳೆದ ಬೇಸಿಗೆಯ ಮಾತು. ಊರು ಸಮೀಪಿಸುವ ಹೊತ್ತಿಗೆ ಉಷ್ಣತೆಯ ಮುಳ್ಳು ಮೇಲೇರಿತು. ಮನೆಯ ಮುಂದಿನ ಬೇವಿನ ಮರದಡಿ ನಿಂತಾಗ ಬಾನೆಟ್ಟಿನ ಸಂದಿನಿಂದ ಹಬೆ ಏಳುತ್ತಿತ್ತು, ಕೆಳಗೆ ನೀರು ತೊಟ್ಟಿಕ್ಕುತ್ತಿತ್ತು. ಒಳಗೆ ಕಲಘಟಗಿಯ ಬಣ್ಣದ ತೊಟ್ಟಿಲಲ್ಲಿ ಕೂಸಿಗೆ ಹೆಸರಿಟ್ಟು ಆಶೀರ್ವದಿಸಿದೆವಾದರೂ ಮನಸ್ಸು ಹೊರಗಿನ ತೊಟ್ಟಿನ ಮೇಲೆಯೇ ಇತ್ತು. ಫೋನು ಮಾಡಿದೊಡನೆ ಮಿಸ್ತ್ರಿಗಳು ಬಸ್ಸು ಹಿಡಿದು, ಹತಾರಗಳ ಚೀಲ ಹೊತ್ತು, ಸಂಜೆಗೆ ಬಂದರು. ನೆರೆದ ಜನರೆದುರಿಗೆ ನಾವು ಹೇಳಿದ ಮಾತನ್ನು ಇಲ್ಲಿ ಮುಚ್ಚಿಡದೆ ಬರೆಯುತ್ತೇವೆ: "ನಲವತ್ತು ವರ್ಷ ಸೋರದ ಗಾಡಿ, ನಿಮ್ಮ ಕೈ ತಾಗಿದ ಮೇಲೆ ಸೋರುತ್ತಿದೆಯಲ್ಲ!" ಅವರು ತಲೆ ತಗ್ಗಿಸಿದರು, ಪ್ರತಿಯಾಡಲಿಲ್ಲ. ಆ ಮೌನವನ್ನು ನಾವು ತಪ್ಪೊಪ್ಪಿಗೆಯೆಂದು ತಿಳಿದೆವು.

ವಾಚಕರೇ, ನಾವು ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಕಲಿತವರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರವನ್ನು ಓದಿದವರು. ಕಾಗೆ ಬಂದು ಕೂಡುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಕಾಲದ ಹೊಂದಿಕೆಯಿದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದೆಂಬ ಕಾಕತಾಲೀಯ ನ್ಯಾಯವನ್ನು ಮಕ್ಕಳಿಗೆ ಹೇಳಿಕೊಟ್ಟವರು. ಆದರೆ ಅಂದು ಬೇವಿನ ಮರದಡಿ ಆ ವಿದ್ಯೆ ನೆರವಿಗೆ ಬರಲಿಲ್ಲ. ನೆರವಿಗೆ ಬಂದದ್ದು ಶಾಲೆಯನ್ನು ಹೆಚ್ಚಾಗಿ ಕಾಣದ ಆ ಮಿಸ್ತ್ರಿಗಳ ವಿಚಾರಕ್ರಮ.

ಅವರು ಮೊದಲು ಕಾದರು. ಬಿಸಿಯಾದ ಇಂಜಿನ್ನಿನಲ್ಲಿ ನೀರು ಒತ್ತಡದಲ್ಲಿರುತ್ತದೆ. ರೇಡಿಯೇಟರಿನ ಮುಚ್ಚಳವು ಚದರ ಅಂಗುಲಕ್ಕೆ 7 ಪೌಂಡಿನಷ್ಟು ಒತ್ತಡವನ್ನು ಹಿಡಿದಿಟ್ಟರೆ, 100 ಡಿಗ್ರಿಯಲ್ಲಿ ಕುದಿಯಬೇಕಾದ ನೀರು ಸುಮಾರು 111 ಡಿಗ್ರಿಯವರೆಗೆ ಕುದಿಯದೆ ನಿಲ್ಲುತ್ತದೆ. ಆಗ ಮುಚ್ಚಳ ತೆರೆದವನ ಕೈಮುಖಗಳು ಬೆಂದುಹೋಗುವುದು ಖಂಡಿತ. ಇಂಜಿನ್ನು ತಣ್ಣಗಾದ ಮೇಲೆಯೇ ಅವರು ಮುಚ್ಚಳ ಬಿಚ್ಚಿದರು. ಹೆಡ್ಡಿನ ಗ್ಯಾಸ್ಕೆಟ್ಟು ಒಡೆದಿದ್ದರೆ ನೀರಿನಲ್ಲಿ ಗುಳ್ಳೆ ಏಳಬೇಕು, ಇಲ್ಲವೆ ಎಣ್ಣೆ ಹಾಲಿನಂತೆ ಬೆಳ್ಳಗಾಗಬೇಕು, ಇಲ್ಲವೆ ಹೊಗೆಕೊಳವೆಯಿಂದ ಬಿಳಿಯ ಹಬೆ ಬರಬೇಕು. ಈ ಮೂರನ್ನೂ ನೋಡಿದರು, ಒಂದೂ ಇರಲಿಲ್ಲ. ಪಂಪು, ರಬ್ಬರಿನ ಕೊಳವೆಗಳು, ಅವುಗಳ ಪಟ್ಟಿಗಳು, ಎಲ್ಲವನ್ನೂ ಒಣ ಬಟ್ಟೆಯಿಂದ ಒರೆಸಿ ಮುಟ್ಟಿ ನೋಡಿದರು. ಬಳಿಕ ರೇಡಿಯೇಟರಿನ ಬಾಯಿಗೆ ಕೈಪಂಪನ್ನು ಕೂಡಿಸಿ ಒತ್ತಡ ಏರಿಸಿದರು. ಗಾಡಿಯ ಕೆಳಗೆ ಹಳೆಯ ಪತ್ರಿಕೆಯ ಹಾಳೆಗಳನ್ನು ಹಾಸಿದರು. ಅನ್ವಯ ವ್ಯತಿರೇಕಗಳೆಂದು ನಾವು ಹೆಸರಿಟ್ಟು ಕಂಠಪಾಠ ಮಾಡಿದ್ದನ್ನು ಅವರು ಹೆಸರಿಲ್ಲದೆ ಆಚರಿಸುತ್ತಿದ್ದರು.

ಹಾಳೆಯ ಮೇಲೆ ಒಂದು ಕಡೆ ತೇವ ಕಾಣಿಸಿತು. ಅದರ ನೇರಕ್ಕೆ, ಇಂಜಿನ್ನಿನ ಬದಿಯಲ್ಲಿ, ಕೈ ಸುಲಭವಾಗಿ ತಲುಪದ ಸ್ಥಳದಲ್ಲಿ ತಗಡಿನ ದುಂಡನೆಯ ಬಿಲ್ಲೆಯೊಂದಿತ್ತು. ಇಂಜಿನ್ನನ್ನು ಎರಕ ಹೊಯ್ಯುವಾಗ ನೀರಿನ ಹಾದಿಗೆಂದು ಒಳಗೆ ಮರಳಿನ ತಿರುಳನ್ನು ಇಡುತ್ತಾರಂತೆ; ಆ ಮರಳನ್ನು ಹೊರತೆಗೆದ ಕಂಡಿಗಳನ್ನು ಇಂಥ ಬಿಲ್ಲೆಗಳಿಂದ ಮುಚ್ಚುತ್ತಾರೆ. ವೆಲ್ಚ್ ಪ್ಲಗ್ಗೆಂದು ಮಿಸ್ತ್ರಿಗಳ ಪರಿಭಾಷೆ. ಅದು ಒಳಗಿನಿಂದ ತುಕ್ಕು ತಿಂದು ಜರಡಿಯಾಗಿತ್ತು.

"ಇದು ಹೊಸಾ ಸೋರಿಕೆ ಅಲ್ರೀ ಅಜ್ಜಾರ, ಹಳೇದು. ಇಷ್ಟ ದಿನಾ ಕೊಳಿ ಮುಚ್ಚಿತ್ತು" ಎಂದರು ಮಿಸ್ತ್ರಿಗಳು.

ಆಗ ನಮಗೆ ಹಳೆಯದೊಂದು ನೆನಪಾಯಿತು. ನೀರು ಕಡಿಮೆಯಾದಾಗಲೆಲ್ಲ ಹಿಂದಿನ ಚಾಲಕರು ರೇಡಿಯೇಟರಿಗೆ ಒಂದು ಹಿಡಿ ಅರಿಷಿಣ ಪುಡಿ ಸುರಿಯುತ್ತಿದ್ದರು. ನಮ್ಮ ದೇಶದ ದಾರಿಗಳಲ್ಲಿ ಪ್ರಸಿದ್ಧವಾದ ಉಪಾಯವಿದು: ಪುಡಿಯು ನೀರಿನೊಡನೆ ಹರಿದು ಸೋರುವ ಸಂದಿಯಲ್ಲಿ ಸಿಕ್ಕಿ ಕೂಡುತ್ತದೆ, ತೊಟ್ಟು ನಿಲ್ಲುತ್ತದೆ. ಆದರೆ ಅದೇ ಪುಡಿ ರೇಡಿಯೇಟರಿನ ಸಣ್ಣ ನಾಳಗಳನ್ನೂ ಕಟ್ಟುತ್ತದೆ. ಕೊಳವೆಬಾವಿಯ ಗಡಸು ನೀರಿನ ಸುಣ್ಣ, ತುಕ್ಕು, ಅರಿಷಿಣ ಇವೆಲ್ಲ ಸೇರಿ ಒಳಗೊಂದು ಗಿಲಾವು ಬೆಳೆದಿತ್ತು. ಬಿಲ್ಲೆ ಎಂದೋ ಸತ್ತಿತ್ತು. ನೀರನ್ನು ಹಿಡಿದು ನಿಂತದ್ದು ಗಿಲಾವು. ಮಿಸ್ತ್ರಿಗಳು ಅದನ್ನು ತೊಳೆದರು, ತೂತು ಬಯಲಾಯಿತು.

ಬಿಲ್ಲೆಯ ಅಳತೆಯನ್ನು ಬರೆದುಕೊಳ್ಳಲು ಅವರು ಚೀಲದಿಂದ ಮಡಿಸಿದ ಕಾಗದವೊಂದನ್ನು ತೆಗೆದು, ಬೆನ್ನಿಗೆ ಗುರುತು ಹಾಕಿದರು. ಅದು ಸಾಮಾನುಗಳ ಆ ಪಟ್ಟಿಯೇ ಆಗಿತ್ತು. ದೀಪದ ಬೆಳಕಿನಲ್ಲಿ ನಮ್ಮದೇ ಕೆಂಪು ಶಾಯಿ ಕಣ್ಣಿಗೆ ಬಿತ್ತು. 'ವೆಲ್ಚ್ ಪ್ಲಗ್ಗುಗಳು, ಎಲ್ಲವೂ ಹೊಸವು' ಎಂಬ ಸಾಲಿನ ಮೇಲೆ ಗೀಟು ಎಳೆದು, ಪಕ್ಕದಲ್ಲಿ 'ಸೋರುತ್ತಿಲ್ಲ, ಅನಗತ್ಯ' ಎಂದು ನಾವೇ ಬರೆದಿದ್ದೆವು. ಇಡೀ ಪಟ್ಟಿಯಲ್ಲಿ ಅತ್ಯಂತ ಅಗ್ಗದ ಸಾಲು ಅದು. ಮಠದ ಹಣವನ್ನು ಉಳಿಸಿದೆವೆಂಬ ಸಮಾಧಾನದಲ್ಲಿ ಅದನ್ನು ಮರೆತೂ ಬಿಟ್ಟಿದ್ದೆವು. ಅವರು ಮರೆತಿರಲಿಲ್ಲ. ಜನರೆದುರಿಗೆ ನಾವು ನುಡಿದಾಗ ಆ ಕಾಗದ ಅವರ ಚೀಲದಲ್ಲಿಯೇ ಇತ್ತು. ಅವರು ಅದನ್ನು ಹೊರತೆಗೆಯಲಿಲ್ಲ.

ಆ ರಾತ್ರಿ ಬಮ್ಮಿಗಟ್ಟಿಯಲ್ಲಿಯೇ ಉಳಿದೆವು. ನಿದ್ದೆ ಬರಲಿಲ್ಲ. ಮರುದಿನ ಮಿಸ್ತ್ರಿಗಳು ಹುಬ್ಬಳ್ಳಿಗೆ ಹೋಗಿ, ತುಕ್ಕು ಹಿಡಿಯದ ಹಿತ್ತಾಳೆಯ ಬಿಲ್ಲೆಗಳನ್ನು ತಂದರು. ಒಂದು ಕೊಳೆತಿದ್ದರೆ ಉಳಿದವೂ ಅದೇ ವಯಸ್ಸಿನವೆಂದು, ಕೈಗೆ ನಿಲುಕುವ ಎಲ್ಲವನ್ನೂ ಮೀಟಿ ತೆಗೆದರು. ಕಂಡಿಗಳ ಅಂಚನ್ನು ಉಜ್ಜಿ ಹೊಳೆಯಿಸಿ, ತೆಳುವಾಗಿ ಅಂಟು ಸವರಿ, ಹೊಸ ಬಿಲ್ಲೆಗಳನ್ನು ಓರೆಯಾಗದಂತೆ ಬಡಿದು ಕೂಡಿಸಿದರು. ಬರಿಯ ನೀರಿನ ಬದಲು ಕೂಲಂಟನ್ನು ಬೆರೆಸಿ ತುಂಬಿದರು. ನಮ್ಮ ನಾಡಿನಲ್ಲಿ ನೀರು ಹೆಪ್ಪುಗಟ್ಟುವ ಭಯವಿಲ್ಲವಾದರೂ ಅದರಲ್ಲಿರುವ ಔಷಧಿ ತುಕ್ಕನ್ನು ತಡೆಯುತ್ತದೆ. ಅದು ರುಚಿಗೆ ಸಿಹಿ, ಆದರೆ ವಿಷ. ನಾಯಿ ದನಗಳು ನೆಕ್ಕದಂತೆ ಚೆಲ್ಲಿದ್ದನ್ನು ತೊಳೆಸಿದರು. ಮತ್ತೆ ಕೈಪಂಪು ಕೂಡಿಸಿದರು. ಈ ಸಲ ಒತ್ತಡದ ಮುಳ್ಳು ನಿಂತಲ್ಲಿಯೇ ನಿಂತಿತು. ಹಾಳೆ ಒಣಗಿಯೇ ಇತ್ತು.

ಆಗ ನಾವು ಹಿಂದಿನ ಸಂಜೆ ನೆರೆದಿದ್ದವರನ್ನೆಲ್ಲ ಅದೇ ಮರದಡಿಗೆ ಕರೆಸಿದೆವು. ಪಟ್ಟಿಯನ್ನು ಮಿಸ್ತ್ರಿಗಳಿಂದ ಕೇಳಿ ಪಡೆದು ಓದಿದೆವು. ಗೀಟು ನಮ್ಮದೆಂದು ಹೇಳಿ, ಕೈಮುಗಿದು ಅವರ ಕ್ಷಮೆ ಬೇಡಿದೆವು. ಅವರು ಸಂಕೋಚದಿಂದ, "ಬಿಡ್ರಿ ಅಜ್ಜಾರ, ಗಾಡಿ ರೆಡಿ ಆತಲ್ಲ" ಎಂದರು.

ವಾಚಕರೇ, ಇಂಥದು ಇಂಜಿನ್ನಿಗೆ ಮಾತ್ರ ಸಂಭವಿಸುವುದೆಂದು ತಿಳಿಯಬೇಡಿರಿ. ಸಂಸ್ಥೆಯೊಂದಕ್ಕೆ ಪ್ರಾಮಾಣಿಕ ಗುಮಾಸ್ತನೊಬ್ಬ ಬಂದು ಹಳೆಯ ಲೆಕ್ಕಗಳನ್ನು ತಿರುವಿಹಾಕಿದಾಗ ಕೊರತೆ ಕಾಣಿಸುತ್ತದೆ. 'ಇವನು ಬರುವವರೆಗೆ ಎಲ್ಲ ಸರಿಯಿತ್ತು' ಎನ್ನುತ್ತೇವೆ. ಮನೆಗೆ ಬಂದ ಸೊಸೆ ಒಂದು ನಿಜವನ್ನಾಡಿದಾಗ ಮನಸ್ತಾಪಗಳು ಹೊರಬೀಳುತ್ತವೆ. 'ಇವಳಿಂದ ಮನೆ ಒಡೆಯಿತು' ಎನ್ನುತ್ತೇವೆ. ತೊಳೆದ ಕೈಯನ್ನು ಬಯ್ಯುವುದಕ್ಕೆ ಮುಂಚೆ, ತೂತು ಎಂದಿನದೆಂದು ವಿಚಾರಿಸೋಣ. ಅದನ್ನು ಮುಚ್ಚಬೇಡವೆಂದು ಗೀಟು ಎಳೆದ ಕೈ ಯಾರದೆಂಬುದನ್ನೂ ವಿಚಾರಿಸೋಣ.

ಗಾಡಿ ಈಗ ಸೋರುವುದಿಲ್ಲ. ಆ ಪಟ್ಟಿ ಮಾತ್ರ ಮಿಸ್ತ್ರಿಗಳಿಗೆ ಮರಳಿ ಹೋಗಲಿಲ್ಲ. ಅದನ್ನು ಕಾರ್ಯಾಲಯದ ಮೇಜಿನ ಗಾಜಿನ ಕೆಳಗೆ ಇರಿಸಿದ್ದೇವೆ. ಕೆಂಪು ಶಾಯಿಯ ಲೇಖಣಿಯನ್ನು ಎತ್ತಿಕೊಳ್ಳುವಾಗಲೆಲ್ಲ ಅದು ಕಣ್ಣಿಗೆ ಬೀಳುತ್ತದೆ.