ಶೆಲ್ಲಿಯನ್ನು ಓದಿದವರು

ಇಂಗ್ಲಿಷ್ ಕವಿ ಶೆಲ್ಲಿ ಚಾರ್ಟಿಸ್ಟ್ ಕಾರ್ಮಿಕ ಚಳವಳಿಯ ಕವಿಗಳನ್ನು ಹೇಗೆ ತಟ್ಟಿದ ಎಂಬುದು ನನ್ನ ಪಿಎಚ್‌ಡಿ ವಿಷಯ. ಇದರ ಮೇಲೆ ಬಹಳ ಹಿಂದೆಯೇ ಬ್ರಿಟನ್ನಿನ ವಾರ್ವಿಕ್‌ನಲ್ಲಿ ಪಿಎಚ್‌ಡಿ ಮಾಡಿದವರು ಬುತೈನಾ ಶಾಬಾನ್. ಅವರ ಲೇಖನಗಳನ್ನು ಗೆರೆ ಎಳೆದು ಓದಿದ್ದೆ. ಸಿರಿಯಾದ ಅಧ್ಯಕ್ಷ ಬಶರ್ ಅಲ್-ಅಸಾದ್‌ಗೆ ಸಲಹೆಗಾರ್ತಿಯಾಗಿದ್ದವರು ಇವರೇ ಎಂದು ಆಮೇಲೆ ಗೊತ್ತಾಯಿತು.

2013ರ ಆಗಸ್ಟ್‌ನಲ್ಲಿ ಡಮಾಸ್ಕಸ್ ಬಳಿಯ ಘೌಟಾದಲ್ಲಿ ಸಾರಿನ್ ವಿಷಾನಿಲಕ್ಕೆ ನೂರಾರು ಜನ ಸತ್ತರು. ಆರೋಪ ಸರ್ಕಾರದ ಮೇಲೆ ಬಂತು. ಆ ಮಕ್ಕಳನ್ನು ಲಟಾಕಿಯಾದ ಹಳ್ಳಿಗಳಿಂದ ಬಂಡುಕೋರರೇ ಅಪಹರಿಸಿ ತಂದಿದ್ದರು ಎಂದು ಶಾಬಾನ್ ಟಿವಿಯಲ್ಲಿ ಹೇಳಿದರು. ಪುರಾವೆ ಕೊಡಲಿಲ್ಲ.

1819ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಸಭೆ ಸೇರಿದ್ದ ಜನರ ಮೇಲೆ ಸರ್ಕಾರದ ಕುದುರೆ ಸವಾರರು ನುಗ್ಗಿದಾಗ ಶೆಲ್ಲಿ ಏನು ಬರೆದ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಶೆಲ್ಲಿಯನ್ನು ಓದಿದವರು ಅಂಥ ಆಳುವವರ ಪರ ನಿಲ್ಲಲಾರರು ಎಂಬ ವಾಕ್ಯ ನನ್ನ ಮೊದಲ ಅಧ್ಯಾಯದಲ್ಲಿತ್ತು. ಹೊಡೆದುಹಾಕಿದೆ. ಅಡಿಟಿಪ್ಪಣಿಯಲ್ಲಿ ಅವರ ಹೆಸರು ಹಾಗೇ ಇದೆ. ಲೇಖನ ಚೆನ್ನಾಗಿದೆ, ಏನು ಮಾಡಲಿ?