ಎಂಪಿಟಿ ಎಲ್ಲಿ ಮಾಡೋದು?

ಫಿಸಿಯೋಥೆರಪಿಯಲ್ಲಿ ಪದವಿ, ಅಂದರೆ ಬಿಪಿಟಿ ಮುಗಿಸಿದ ಮಕ್ಕಳು ಈಗ ಸ್ನಾತಕೋತ್ತರ ಪದವಿ ಎಂಪಿಟಿಗಾಗಿ ಬೆಂಗಳೂರಿನ ಜಯನಗರ, ಬನಶಂಕರಿ, ಬಿಟಿಎಂ ಅಂತ ಕಾಲೇಜು ಕಾಲೇಜು ಅಲೆಯುತ್ತಿದ್ದಾರೆ. ಎಲ್ಲರೂ ಮೊದಲು ಕೇಳುವುದು ಫೀಸು, ಆಮೇಲೆ ಹಾಸ್ಟೆಲ್ಲು. ಕೇಳಲಿ, ಅಪ್ಪ ಅಮ್ಮ ಸಾಲ ಮಾಡಿ ಕಟ್ಟುವ ದುಡ್ಡದು.

ಆದರೆ ಜಯನಗರ 4ನೇ ಟಿ ಬ್ಲಾಕಿನಲ್ಲಿರುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಿಗೆಲ್ಲ ಪಠ್ಯ ಒಂದೇ, ಪರೀಕ್ಷೆಯೂ ಒಂದೇ. ವ್ಯತ್ಯಾಸ ಇರುವುದು ರೋಗಿಗಳಲ್ಲಿ. ಪಾರ್ಶ್ವವಾಯು ಹೊಡೆದವರನ್ನು ಎಬ್ಬಿಸಿ ನಡೆಸಲು ಕಲಿಯಬೇಕಾದವರಿಗೆ ನರರೋಗಿಗಳ ವಾರ್ಡು ಬೇಕು. ಮೂಳೆ ಕೀಲು ಆರಿಸಿದವರಿಗೆ ಅಪಘಾತದ ಕೇಸುಗಳು ಬರುವ ಆಸ್ಪತ್ರೆ ಬೇಕು. ಹೃದಯ, ಶ್ವಾಸಕೋಶದ ವಿಭಾಗಕ್ಕೆ ಐಸಿಯು ಇಲ್ಲದಿದ್ದರೆ ಎಂಪಿಟಿಯ ಎರಡು ವರ್ಷ ಬರೀ ಓದಾಗಿಬಿಡುತ್ತದೆ. ನರರೋಗಕ್ಕೆ ನಿಮ್ಹಾನ್ಸ್, ಅಪಘಾತ ಮತ್ತು ಮೂಳೆಗೆ ಸಂಜಯ ಗಾಂಧಿ, ಹೃದಯಕ್ಕೆ ಜಯದೇವ, ಈ ಮೂರೂ ಆಸ್ಪತ್ರೆಗಳು ನಮ್ಮ ದಕ್ಷಿಣ ಬೆಂಗಳೂರಿನಲ್ಲೇ ಇವೆ. ಹತ್ತಿರ ಇದ್ದ ಮಾತ್ರಕ್ಕೆ ಕಾಲೇಜಿನವರು ಅಲ್ಲಿಗೆ ಕಳಿಸುತ್ತಾರೆಂದೇನಿಲ್ಲ. ಪೋಸ್ಟಿಂಗ್ ಎಲ್ಲಿ, ಎಷ್ಟು ತಿಂಗಳು ಅಂತ ಬರವಣಿಗೆಯಲ್ಲೇ ಕೇಳಿ.

ಎಂಪಿಟಿಯ ಪ್ರಬಂಧಕ್ಕೆ ಗೈಡ್ ಯಾರು ಅನ್ನುವುದೂ ಅಷ್ಟೇ ಮುಖ್ಯ. ಫೀಸು ಕಟ್ಟುವ ಮುಂಚೆ ಆ ಕಾಲೇಜಿನಲ್ಲೇ ಎರಡನೇ ವರ್ಷ ಓದುತ್ತಿರುವವರನ್ನು ಕ್ಯಾಂಟೀನಿನಲ್ಲಿ ಕೂರಿಸಿಕೊಂಡು ಮಾತಾಡಿಸಿ, ದಯವಿಟ್ಟು.